ಪೊಟ್ಯಾಷಿನ ಅಪವಾದ

ಮಾಯಣ್ಣ, ತಿಮ್ಮೇಶ ಒಡಹುಟ್ಟಿದವರು. ಚಿನಕುರಳಿಯಿಂದ ಒಳಕ್ಕೆ ಹೋದರೆ ಸಿಗುವ ಬೋರೆಕೊಪ್ಪಲಿನಲ್ಲಿ ಒಂದೇ ಅಂಗಳದ ಎರಡು ಮಗ್ಗುಲಿಗೆ ಅವರ ಮನೆಗಳಿದ್ದವು. ನಾಲೆ ನೀರಿನ ಸರದಿಗಾಗಿ ಬದುವಿನ ಮೇಲೆ ಜಗಳವಾಗಿ, ತಿಮ್ಮೇಶ ಗುದ್ದಲಿಯ ಕಾವಿನಿಂದ ಅಣ್ಣನ ಭುಜಕ್ಕೆ ಬಾರಿಸಿದ ಮೇಲೆ ಎರಡು ಮನೆಗೂ ಮಾತು ನಿಂತಿತ್ತು. ಆ ಹಗೆಯನ್ನು ಗಂಡಸರಿಗಿಂತ ಹೆಂಗಸರೇ ಜತನದಿಂದ ಸಾಕಿದರು. ಮಾಯಣ್ಣನ ಹೆಂಡತಿ ಪುಟ್ಟಲಕ್ಷ್ಮಮ್ಮ ಅಂಗಳದ ಕಸವನ್ನು ವಾರಗಿತ್ತಿಯ ಹೊಸ್ತಿಲ ಕಡೆಗೇ ತಳ್ಳುವಳು. ತಿಮ್ಮೇಶನ ಹೆಂಡತಿ ಇಂದ್ರಮ್ಮ ಅದನ್ನು ಅಷ್ಟೇ ಜೋರಾಗಿ ವಾಪಸು ಗುಡಿಸುವಳು.

ಹೀಗಿರುವಾಗ, ತೊಂಬತ್ಮೂರರ ಚಳಿಗಾಲದ ಒಂದು ಬೆಳಿಗ್ಗೆ, ಇಂದ್ರಮ್ಮ ಗದ್ದೆಯಲ್ಲಿ ಹಸುವಿಗೆಂದು ಕಬ್ಬಿನ ಸೋಗೆ ಹೊರೆ ಕಟ್ಟುತ್ತಿದ್ದಳು. ಪಕ್ಕದ ಗದ್ದೆಯಿಂದ ಮಾಯಣ್ಣ ಬಂದು ಬದುವಿನ ಮೇಲೆ ಕುಸಿದು ಕೂತ. ಅಂಥ ಚಳಿಯಲ್ಲೂ ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಇಂದ್ರವ್ವ, ಕುಡಿಯಾಕೆ ಏನಾರ ಕೊಡು. ಎದೆ ಮ್ಯಾಲೆ ಕಲ್ಲೇರ್ದಂಗೈತೆ."

ಮಾತು ಬಿಟ್ಟಿದ್ದ ಭಾವ ಹೆಸರು ಹಿಡಿದು ಕರೆದದ್ದಕ್ಕೇ ಅವಳಿಗೆ ಗಾಬರಿಯಾಯಿತು. ನೀರು ತಂದಿರಲಿಲ್ಲ. ಬದುವಿನ ಗಿಡ್ಡ ತೆಂಗಿನಿಂದ ಒಂದು ಎಳನೀರು ಇಳಿಸಿ, ಮಚ್ಚಿನಿಂದ ಕೆತ್ತಿ ಕೊಟ್ಟಳು. ಅವನು ಎರಡು ಗುಟುಕು ಕುಡಿದ. ಮೂರನೆಯದು ಬಾಯಿಂದ ಆಚೆ ಬಂತು. ಇಂದ್ರಮ್ಮ ಕೂಗಿಕೊಂಡಳು. ನಾಲೆ ರಸ್ತೆಯಲ್ಲಿ ಬೂಸಾ ಮೂಟೆ ಹೇರಿಕೊಂಡು ಹೋಗುತ್ತಿದ್ದ ಟೆಂಪೋ ನಿಂತಿತು. ಮೂಟೆಗಳ ಮೇಲೇ ಅವನನ್ನು ಮಲಗಿಸಿ ಪಾಂಡವಪುರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ತಂದಳು. ಡಾಕ್ಟರ್ ರಘುನಂದನ್ ರಕ್ತ ತೆಗೆದರು, ಎದೆಗೆ ಇಸಿಜಿ ತಂತಿ ಹಚ್ಚಿದರು, ನೋವು ಯಾವಾಗಿನಿಂದ ಎಂದು ಕೇಳಿದರು. ಮಾಯಣ್ಣ ಏನೋ ಹೇಳಿದ. ಬಾಗಿಲಾಚೆ ನಿಂತಿದ್ದ ಇಂದ್ರಮ್ಮನಿಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ಮಂಚ ಕಿರುಗುಟ್ಟಿತು, ನರ್ಸು ಓಡಿದಳು. ಡಾಕ್ಟರು ಎರಡೂ ಕೈಯಿಂದ ಅವನ ಎದೆ ಒತ್ತುತ್ತಿದ್ದದ್ದು ಕಂಡಿತು. ಕರೆಂಟಿನ ಏಟು ಕೊಟ್ಟು ಹೃದಯವನ್ನು ದಾರಿಗೆ ತರುವ ಯಂತ್ರ ಆಗ ಅಲ್ಲಿರಲಿಲ್ಲ. ಇದ್ದದ್ದು ಮೈಸೂರಿನಲ್ಲಿ. ಮಾಯಣ್ಣ ಅದೇ ಮಂಚದ ಮೇಲೆ ಸತ್ತ.

ಅವನ ಮಗ ಶಿವಶಂಕರ್ ಬೆಳಿಗ್ಗೆಯೇ ಬೈಕಿನಲ್ಲಿ ಮಾಕವಳ್ಳಿಗೆ ಹೋಗಿದ್ದ. ಬಿ.ಎಸ್ಸಿ. ಮುಗಿಸಿ ಮನೆಯಲ್ಲೇ ಕೂತಿದ್ದವನಿಗೆ ಸಕ್ಕರೆ ಕಾರ್ಖಾನೆಯಿಂದ ಅಂದು ಸಂದರ್ಶನಕ್ಕೆ ಕರೆ ಬಂದಿತ್ತು. ಸುದ್ದಿ ತಿಳಿದು ಅವನು ನರ್ಸಿಂಗ್ ಹೋಮಿನ ಮೆಟ್ಟಿಲು ಹತ್ತಿದಾಗ ಹೆಣ ಹೊರಗೆ ಬಂದಿತ್ತು.

"ಏನಾಯ್ತು ಡಾಕ್ಟ್ರೇ?"

ಒಳಗೆ ಒಂದು ಹೆರಿಗೆ ಕೇಸು ಕಾಯುತ್ತಿತ್ತು. ಡಾಕ್ಟರು ನಡೆಯುತ್ತಲೇ ಹೇಳಿದರು: "ಹಾರ್ಟ್ ಅಟ್ಯಾಕು. ಹೃದಯದಲ್ಲಿ ಪೊಟ್ಯಾಸಿಯಂ ಏರಿಬಿಡುತ್ತೆ, ಬಡಿತ ದಿಕ್ಕು ತಪ್ಪುತ್ತೆ. ನಮ್ಮ ಕೈಲಿರಲಿಲ್ಲ."

ಅಷ್ಟೇ. ಆ ಮಾತು ಊರಿಗೆ ಬಂತು.

ತಿಥಿಯ ದಿನ, ಶ್ರೀರಂಗಪಟ್ಟಣದ ಹೊಳೆಯಲ್ಲಿ ತಲೆ ಬೋಳಿಸಿ ಮಿಂದು ಬಂದ ಶಿವಶಂಕರ್ ಚಪ್ಪರದ ಕೆಳಗೆ ಕೂತಿದ್ದ. ಸುತ್ತ ನೆಂಟರು, ಊರವರು. ಅಪ್ಪ ಹೇಗೆ ಸತ್ತ ಎಂದು ಯಾರೋ ಮತ್ತೆ ಕೇಳಿದರು. ಅವನು ನೆಲ ನೋಡುತ್ತ, "ಪೊಟ್ಯಾಸಿಯಂ ಏರ್ತು ಅಂದ್ರು. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ ಇರ್ತದೆ" ಅಂದ.

ಹಾಲಿನ ಡೈರಿಯ ಸೆಕ್ರೆಟರಿ ದಾಸಯ್ಯ ಕೇಳಿದ: "ಪೊಟ್ಯಾಸಿಯಂ ಅಂದ್ರೆ ಏನ್ಲಾ? ಕಬ್ಬಿಗಾಕ್ತೀವಲ್ಲ, ಆ ಪೊಟ್ಯಾಷಾ?"

"ಅದ್ರಲ್ಲಿರೋದೂ ಅದೇ."

ಪುಟ್ಟಲಕ್ಷ್ಮಮ್ಮ ಎದ್ದವಳೇ ಅಂಗಳ ದಾಟಿ ಮೈದುನನ ಕೊಟ್ಟಿಗೆಗೆ ನುಗ್ಗಿದಳು. ಮೂಲೆಯಲ್ಲಿದ್ದ ಬಾಯಿ ಬಿಚ್ಚಿದ ಪೊಟ್ಯಾಷ್ ಗೊಬ್ಬರದ ಚೀಲವನ್ನು ಎಳೆದು ತಂದು ಚಪ್ಪರದ ಮುಂದೆ ಬೋರಲು ಹಾಕಿದಳು. ಕೆಂಪು ಹರಳು ನೆಲದ ತುಂಬ ಚೆಲ್ಲಿತು.

"ನೋಡ್ರಪ್ಪಾ! ಮಾತೇ ಆಡ್ದೋಳು ಎಳನೀರ್ ಯಾಕ್ ಕೊಟ್ಳು? ಇದ್ನ ಬೆರೆಸಿ ಕುಡಿಸವ್ಳೆ! ನನ್ ಗಂಡನ್ನ ಕೊಂದವ್ಳೆ ಈ ಮುಂಡೆ!"

ಇಂದ್ರಮ್ಮ ಬಾಗಿಲಲ್ಲಿ ನಿಂತಿದ್ದಳು. "ಬಾಯಲ್ಲಿ ಉಳಾ ಬೀಳ್ತದೆ ಕಣೇ ನಿಂಗೆ" ಎಂದು ಕೂಗಿದಳು. ಆದರೆ ಚಪ್ಪರದಲ್ಲಿದ್ದ ಯಾರೂ ಅವಳ ಕಡೆ ನೋಡಲಿಲ್ಲ. ಎಲ್ಲರೂ ಕೆಂಪು ಹರಳನ್ನೇ ನೋಡುತ್ತಿದ್ದರು.

ಮಾರನೆಯ ದಿನ ಡೈರಿಯಲ್ಲಿ ಅವಳು ಹಾಲಿನ ಪಾತ್ರೆ ಮುಂದೆ ಹಿಡಿದಾಗ, ಸರದಿಯಲ್ಲಿ ಮುಂದಿದ್ದ ಮಾರಮ್ಮ ಕ್ಯಾನಿನ ಬಾಯಿಗೆ ಸೆರಗು ಮುಚ್ಚಿದಳು. "ಇವ್ಳ ಹಾಲು ಸುರುದ್ರೆ ನಮ್ದ ವಾಪಸ್ ಕೊಟ್ಬುಡು ದಾಸಯ್ಯ. ನಮ್ಮನೇಲೂ ಮಕ್ಳು ಮರಿ ಅವೆ."

ದಾಸಯ್ಯ ಇಂದ್ರಮ್ಮನ ಮುಖ ನೋಡದೆ ಹೇಳಿದ: "ನಿನ್ ಹಾಲ್ ತಕಂಡ್ರೆ ಊರ್ ಹಾಲೇ ಬರಾಕಿಲ್ಲ ಕಣವ್ವ. ಸ್ವಲ್ಪ ದಿನ ತಡ್ಕೊ."

ಅವಳು ಆ ಹಾಲನ್ನು ಡೈರಿಯ ಮೆಟ್ಟಿಲ ಮೇಲೇ ಸುರಿದು ಬಂದಳು. ಅಂದಿನಿಂದ ಅವಳು ಬೋರ್‌ವೆಲ್ಲಿಗೆ ಹೋದರೆ ಉಳಿದವರು ಬಿಂದಿಗೆ ಎತ್ತಿಕೊಂಡು ದೂರ ನಿಲ್ಲುತ್ತಿದ್ದರು. ಗೌರಮ್ಮನಂಥ ಹಳೆಯ ಗೆಳತಿಯರೂ ಅವಳ ಮನೆಯ ಲೋಟ ಮುಟ್ಟಲಿಲ್ಲ. ಇದನ್ನೆಲ್ಲ ಅವಳು ಹಲ್ಲು ಕಚ್ಚಿಕೊಂಡು ತಡೆದಳು. ತಡೆಯಲಾಗದೆ ಹೋದದ್ದು ಗಂಡನ ಮಾತು. ಊಟಕ್ಕೆ ಕೂತಿದ್ದ ತಿಮ್ಮೇಶ ಮುದ್ದೆ ಮುರಿಯದೆ ತಟ್ಟೆ ನೋಡುತ್ತ ಕೂತ.

"ಯಾಕ್ ಕೊಡಾಕೋದೆ ನೀನು? ನಮ್ಗೂ ಅವ್ನಿಗೂ ಏನಿತ್ತು?"

"ಸಾಯೋನು ನೀರ್ ಕೇಳ್ದ. ಉಗುದು ಕಳಿಸ್ಬೇಕಿತ್ತಾ?"

"ಅಂಗಲ್ಲ... ದಿಟ ಏಳು. ಏನೂ ಬೆರೆಸ್ನಿಲ್ಲ ತಾನೆ?"

ಅವಳು ಸಾರಿನ ಪಾತ್ರೆಯನ್ನು ಅವನ ಮುಂದೆ ಕುಕ್ಕಿದಳು. ಸಾರು ಅವನ ತೊಡೆಗೆ ಸಿಡಿಯಿತು. "ಇದ್ರಲ್ಲಿ ಬೆರೆಸಿವ್ನಿ, ಉಣ್ಣು" ಎಂದು ಎದ್ದು ಹೋದಳು.

ಬೆಳ್ಳೂರಿನಿಂದ ಅವಳ ಅಣ್ಣ ಚಿಕ್ಕಸ್ವಾಮಿ ಬಂದು, ಕೆಲವು ತಿಂಗಳು ತವರಲ್ಲಿರು ಎಂದು ಕರೆದ. ಅವಳು ಹೋಗಲಿಲ್ಲ. "ಈಗ ಎದ್ದೋದ್ರೆ ಕೊಂದು ಓಡೋದ್ಳು ಅಂತಾರೆ. ನಾನು ಇಲ್ಲೇ ಕುಂತ್ಕಂಡು ಅವ್ರ್ ಕಣ್ಣಿಗೆ ಚುಚ್ಚಬೇಕು" ಅಂದಳು.

ಅವಳು ಹೋದದ್ದು ಪಾಂಡವಪುರಕ್ಕೆ. ಟವೆಲಿನಲ್ಲಿ ಒಂದು ಹಿಡಿ ಪೊಟ್ಯಾಷ್ ಕಟ್ಟಿಕೊಂಡು ಬಸ್ಸು ಹತ್ತಿದಳು. ನರ್ಸಿಂಗ್ ಹೋಮಿನಲ್ಲಿ ಸರದಿ ಬರುವ ತನಕ ಕಾದು, ಡಾಕ್ಟರ ಮೇಜಿನ ಮೇಲೆ ಗಂಟು ಬಿಚ್ಚಿದಳು.

"ಏನಮ್ಮ ಇದು?"

"ಪೊಟ್ಯಾಷು. ಇದ್ನ ಎಳನೀರ್ಗಾಕಿ ನಮ್ ಭಾವನ್ನ ಕೊಂದೆ ಅಂತ ಊರೆಲ್ಲಾ ಅಂತಾವ್ರೆ. ನೀವೇ ಅಂಗಂದ್ರಂತೆ."

"ನಾನೆಲ್ಲಿ ಹಾಗೆ ಹೇಳಿದೆ?" ಡಾಕ್ಟರಿಗೆ ಸಿಟ್ಟು ಬಂತು. "ಹೊರಗೆ ಎಷ್ಟು ಜನ ಕಾಯ್ತಿದಾರೆ ನೋಡು. ನಿಮ್ಮೂರ ಜಗಳ ನನ್ನ ಹತ್ರ ತರಬೇಡ."

"ಪೊಟ್ಯಾಸಿಯಂ ಏರ್ತು ಅಂದ್ರೋ ಇಲ್ವೋ?"

ಡಾಕ್ಟರು ಪೆನ್ನಿನ ತುದಿಯಿಂದ ಹರಳು ಸರಿಸಿದರು.

"ಇದ್ನ ತಿಂದ್ರೆ ಸಾಯ್ತಾರಾ, ಅದ ಏಳಿ."

"ಜಾಸ್ತಿ ಹೊಟ್ಟೆಗೆ ಹೋದರೆ ಸಾಯಬಹುದು," ಡಾಕ್ಟರು ಸುಳ್ಳು ಹೇಳಲಿಲ್ಲ.

ಊರವರು ಹೇಳುವುದರಲ್ಲಿ ಅಷ್ಟಾದರೂ ನಿಜವಿದೆ ಎಂದು ಇಂದ್ರಮ್ಮ ಎಣಿಸಿರಲಿಲ್ಲ. ಅವಳ ಮುಖ ನೋಡಿ ಡಾಕ್ಟರೂ ಪೆನ್ನು ಕೆಳಗಿಟ್ಟರು. ಅವಸರದಲ್ಲಿ ಆಡಿದ ಮಾತು ಎಲ್ಲಿಗೆ ಮುಟ್ಟಿದೆ ಎಂದು ಅವರಿಗೆ ಆಗ ಅರ್ಥವಾದಂತಿತ್ತು.

"ಕೇಳಮ್ಮ. ಅವನು ಇದನ್ನು ಕುಡಿದಿದ್ದರೆ ಮೈಯ ರಕ್ತದಲ್ಲೆಲ್ಲ ಏರಿರಬೇಕಿತ್ತು. ಅವನು ಬದುಕಿದ್ದಾಗಲೇ ತೆಗೆದ ರಕ್ತವನ್ನು ಮೈಸೂರಿಗೆ ಕಳಿಸಿದ್ದೆ. ಅದರಲ್ಲಿ ಏರಿರಲಿಲ್ಲ, ಸರಿಯಾಗೇ ಇತ್ತು. ಏರಿದ್ದು ಅವನ ಹೃದಯದ ಒಂದು ಕಡೆ ಮಾತ್ರ. ಅದು ಹೊರಗಿಂದ ಬಂದದ್ದಲ್ಲ."

ಅವಳು ಪೊಟ್ಯಾಷನ್ನು ಮತ್ತೆ ಗಂಟು ಕಟ್ಟಿದಳು. "ನಂಗ್ಯಾಕೇಳ್ತೀರಾ? ನಾನ್ ಬೆರೆಸಿಲ್ಲ ಅಂತ ನಂಗೊತ್ತು. ನಮ್ಮೂರ್ಗೆ ಬಂದು ಏಳಿ."

"ಅವರನ್ನೇ ಇಲ್ಲಿಗೆ ಕಳಿಸು."

"ಅವ್ರ್ಯಾಕ್ ಬತ್ತಾರೆ? ಅವ್ರ್ಗೇನ್ ಆಗೈತೆ? ನೀವ್ ಬರೋಗಂಟ ನಾನು ದಿನಾ ಬತ್ತೀನಿ. ನಿಮ್ ಬಾಗ್ಲಲ್ಲಿ ಕುಂತು, ಈ ಡಾಕ್ಟ್ರ ಮಾತಿಂದ ಕೊಲೆಗಾರ್ತಿ ಆದೆ ಅಂತ ಬಂದೋರ್ಗೆಲ್ಲಾ ಏಳ್ತೀನಿ."

ಅವಳು ಹೇಳಿದಂತೆಯೇ ಮಾಡಿದಳು. ಮಾರನೆಯ ದಿನ ಬಂದು ಮೆಟ್ಟಿಲ ಮೇಲೆ ಕೂತಳು, ಅದರಾಚೆಯ ದಿನವೂ ಬಂದಳು. ವಾಚ್‌ಮನ್ ಎಬ್ಬಿಸಿದರೆ ರಸ್ತೆಯ ಆ ಬದಿಗೆ ಹೋಗಿ ಕೂತಳು. ಡಾಕ್ಟರು ಬೈದರು. ಕೊನೆಗೆ ಭಾನುವಾರ ಬರುತ್ತೇನೆ ಎಂದು ಒಪ್ಪಿಕೊಂಡರು.

ಭಾನುವಾರ ಬೆಳಿಗ್ಗೆ ಡೈರಿಯ ಮುಂದೆ ಸ್ಕೂಟರು ನಿಂತಿತು. ಹಾಲು ಹಾಕಲು ಬಂದವರು ಸುತ್ತ ನಿಂತರು. ಶಿವಶಂಕರ್ ಗೋಡೆಗೆ ಒರಗಿದ್ದ. ಪುಟ್ಟಲಕ್ಷ್ಮಮ್ಮ ಖಾಲಿ ಪಾತ್ರೆಯನ್ನು ಸೊಂಟಕ್ಕಿಟ್ಟುಕೊಂಡು, "ಡಾಕ್ಟ್ರನ್ನೂ ಬುಟ್ಟಿಗಾಕ್ಕಂಡು ಬಂದ್ಬುಟ್ಳು" ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಡಾಕ್ಟರ ಮುಖ ಬಿಗಿಯಿತು.

"ನನ್ನನ್ನು ಯಾರೂ ಬುಟ್ಟಿಗೆ ಹಾಕಿಕೊಂಡಿಲ್ಲ. ನಾನು ಅರ್ಧ ಮಾತು ಹೇಳಿ ಹೋಗಿದ್ದೆ, ಪೂರ್ತಿ ಹೇಳೋಕೆ ಬಂದಿದೀನಿ. ಕೇಳಿಸಿಕೊಳ್ಳಿ. ಪೊಟ್ಯಾಸಿಯಂ ಅನ್ನೋದು ಒಂಥರಾ ಉಪ್ಪಿನ ಅಂಶ. ನಿಮ್ಮೆಲ್ಲರ ಮೈಯಲ್ಲೂ ಇದೆ, ಹೃದಯದ ಮಾಂಸದ ಕಣಕಣದಲ್ಲೂ ತುಂಬಿದೆ. ಒಂದೊಂದು ಬಡಿತಕ್ಕೂ ಅದು ಒಂಚೂರು ಕಣದಿಂದ ಆಚೆ ಬರುತ್ತೆ. ಮತ್ತೆ ಒಳಗೆ ಹೋಗುತ್ತೆ; ಮಿಕ್ಕದ್ದನ್ನ ಹರಿಯೋ ರಕ್ತ ತೊಳ್ಕೊಂಡು ಹೋಗುತ್ತೆ. ಮಾಯಣ್ಣನ ಹೃದಯಕ್ಕೆ ರಕ್ತ ತರೋ ಒಂದು ನಾಳ ಕಟ್ಟಿಹೋಗಿತ್ತು. ಆ ನಾಳ ಹೋಗೋ ಜಾಗಕ್ಕೆ ರಕ್ತ ಇಲ್ಲ. ಕಣದಿಂದ ಆಚೆ ಬಂದ ಪೊಟ್ಯಾಸಿಯಂ ಅಲ್ಲೇ ನಿಂತುಬಿಡ್ತು. ಪಕ್ಕದಲ್ಲೇ ಇರೋ ಮಾಂಸಕ್ಕೆ ರಕ್ತ ಸರಿಯಾಗಿ ಹೋಗ್ತಿದೆ, ಅಲ್ಲಿ ಎಲ್ಲ ಸರಿಯಾಗಿದೆ. ಒಂದೇ ಹೃದಯ, ಒಂದು ಕಡೆ ಜಾಸ್ತಿ, ಒಂದು ಕಡೆ ಸರಿ."

"ಅದ್ಕೇನಾಯ್ತದೆ?" ದಾಸಯ್ಯ ಕೇಳಿದ.

"ಹೃದಯ ಬಡಿಯೋದು ಒಳಗೆ ಓಡೋ ಸಣ್ಣ ಕರೆಂಟಿನಿಂದ. ಅದು ಎಲ್ಲಾ ಕಡೆ ಹೊತ್ತಿಗೆ ಸರಿಯಾಗಿ ಮುಟ್ಟಿದ್ರೆ ಹೃದಯ ಒಟ್ಟಿಗೆ ಹಿಂಡುತ್ತೆ. ಪೊಟ್ಯಾಸಿಯಂ ನಿಂತಿರೋ ಜಾಗದಲ್ಲಿ ಕರೆಂಟು ನಿಧಾನ ಆಗುತ್ತೆ, ಕೆಲವು ಕಡೆ ನಿಂತೇ ಹೋಗುತ್ತೆ. ಪಕ್ಕದಲ್ಲಿ ಜೋರಾಗಿ ಓಡುತ್ತೆ. ಎರಡರ ನಡುವೆ ಅದು ದಾರಿ ತಪ್ಪಿ ಹಿಂದಕ್ಕೆ ತಿರುಗುತ್ತೆ, ಅಲ್ಲಲ್ಲೇ ಸುತ್ತುತ್ತೆ. ಆಗ ಹೃದಯ ಹಿಂಡೋದಿಲ್ಲ, ಬರೀ ಅದುರುತ್ತೆ. ರಕ್ತ ಮುಂದಕ್ಕೆ ಹೋಗಲ್ಲ. ನನ್ನ ಕಣ್ಣೆದುರೇ ಇಸಿಜಿಯಲ್ಲಿ ಹಾಗಾಯ್ತು. ಗೊಬ್ಬರ ತಿಂದಿದ್ರೆ ಅದರ ಗುರುತು ಇಸಿಜಿಯಲ್ಲಿ ಹೃದಯದ ಎಲ್ಲಾ ಕಡೆ ಒಂದೇ ಥರ ಕಾಣಬೇಕಿತ್ತು. ಅವನಿಗೆ ಒಂದು ಮಗ್ಗುಲಲ್ಲಿ ಮಾತ್ರ ಕಂಡಿತು. ಎರಡು ಗುಟುಕು ಎಳನೀರಿಗೆ ಯಾರೂ ಸಾಯಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಪುಟ್ಟಲಕ್ಷ್ಮಮ್ಮ ಸೋಲಲಿಲ್ಲ. "ಚೆನ್ನಾಗಿದ್ದ ನಾಳ ಯಾಕ್ ಕಟ್ಕತ್ತದೆ? ಅವ್ಳು ಕೊಟ್ಟಿದ್ದ ಕುಡ್ದ ಮ್ಯಾಲೆ ತಾನೆ ಕಟ್ಕಂಡಿದ್ದು!"

"ಅಲ್ಲ. ನೋವು ಯಾವಾಗ ಶುರುವಾಯ್ತು ಅಂತ ಅವನೇ ನಂಗೆ ಹೇಳ್ದ. ಹಾಲು ಕರೆಯೋ ಹೊತ್ತಿಗೇ ಎದೆ ಹಿಡ್ಕೊಂಡಿತ್ತಂತೆ. ಗದ್ದೆಗೆ ಹೋಗೋಕೆ ಎಷ್ಟೋ ಮೊದಲೇ."

ಇಂದ್ರಮ್ಮನಿಗೂ ಆ ಮಾತು ಹೊಸದು. ಹಾಲು ಕರೆಯುವ ಹೊತ್ತಿಗೆ ಮಾಯಣ್ಣ ಇದ್ದದ್ದು ತನ್ನ ಮನೆಯಲ್ಲಿ, ಹೆಂಡತಿ ಮಗನ ಜೊತೆ. ಒಬ್ಬೊಬ್ಬರಾಗಿ ಎಲ್ಲರೂ ಶಿವಶಂಕರನ ಕಡೆ ತಿರುಗಿದರು. ಅವನ ಬೋಳು ತಲೆಯ ಮೇಲೆ ಬೆವರು ಮೂಡಿತ್ತು.

"ಗ್ಯಾಸು ಅಂದ್ಕಂಡೆ" ಅಂದ ಅವನು. ಯಾರೂ ಕೇಳಿರಲಿಲ್ಲ. "ಅಪ್ಪ, ಬೈಕಲ್ಲಿ ಪಾಂಡ್ವಪುರ್ಕೆ ಬುಡು ಅಂದ್ರು. ಇಂಟರ್‌ವ್ಯೂಗೆ ಲೇಟಾಯ್ತದೆ, ಸೋಡಾ ಕುಡ್ಕಂಡು ಮನೀಕೊ ಅಂದೆ. ನಾನು ಗ್ಯಾಸು ಅಂದ್ಕಂಡೆ."

"ಸುಮ್ಕಿರ್ಲಾ!" ಪುಟ್ಟಲಕ್ಷ್ಮಮ್ಮ ಕಿರುಚಿದಳು. ಕೈಯಲ್ಲಿದ್ದ ಪಾತ್ರೆ ಬೀಸಿ ಒಗೆದಳು. ಅದು ಬಡಿದದ್ದು ಮಗನಿಗಲ್ಲ, ಇಂದ್ರಮ್ಮನ ಮೊಣಕೈಗೆ. "ನೀನೇ ಕಣೇ! ನೀನೇ ಕೊಂದಿದ್ದು! ನನ್ ಮಗನ್ ಮ್ಯಾಕೆ ಆಕ್ಬೇಕು ಅಂತ ಡಾಕ್ಟ್ರ ಕರ್ಕಂಡು ಬಂದಿದೀಯ!"

ಇಂದ್ರಮ್ಮ ಮೊಣಕೈ ಉಜ್ಜಿಕೊಳ್ಳಲಿಲ್ಲ. ವಾರಗಿತ್ತಿಯ ಕಣ್ಣಲ್ಲಿ ಕಂಡದ್ದು ಬರೀ ದ್ವೇಷವಲ್ಲ, ಹೆದರಿಕೆ. ಚೀಲ ಎಳೆದು ತಂದು ಚೆಲ್ಲಿದ ದಿನವೇ ಇವಳಿಗೆ ಎಲ್ಲ ಗೊತ್ತಿತ್ತು. ಮಗನನ್ನು ಯಾರಾದರೂ ಕೇಳುವ ಮೊದಲು ಊರಿನ ಬೆರಳನ್ನೆಲ್ಲ ಬೇರೆ ಕಡೆ ತಿರುಗಿಸಬೇಕಿತ್ತು.

"ನಿನ್ ಮಗನ್ನ ಉಳಿಸ್ಕಳಾಕೆ ನನ್ನ ಉರಿಗಾಕ್ದ್ಯಾ?" ಎಂದು ಕೇಳಿದಳು.

ಡಾಕ್ಟರು ಸ್ಕೂಟರಿನ ಹತ್ತಿರ ಹೋದವರು ತಿರುಗಿ ನಿಂತರು. "ಇನ್ನೊಂದು ಮಾತು. ಬೇಗ ಬಂದಿದ್ರೆ ಉಳೀತಿದ್ದ ಅಂತ ನಾನು ಹೇಳೋಕಾಗಲ್ಲ. ಉಳಿಯೋ ಸಾಧ್ಯತೆ ಇತ್ತು, ಅಷ್ಟೇ. ಈ ಥರ ಬಡಿತ ಕೆಟ್ಟವರು ಮೈಸೂರಿನ ದೊಡ್ಡ ಆಸ್ಪತ್ರೇಲೂ ಸಾಯ್ತಾರೆ." ಆದರೆ ಆ ಹೊತ್ತಿಗೆ ಯಾರೂ ಅವರ ಮಾತು ಕೇಳುತ್ತಿರಲಿಲ್ಲ. ಮಾರಮ್ಮ ಆಗಲೇ ಪಕ್ಕದವಳ ಕಿವಿಗೆ ಬಾಗಿದ್ದಳು.

ಆ ಸಂಜೆ ಇಂದ್ರಮ್ಮನ ಹಾಲನ್ನು ದಾಸಯ್ಯ ತಾನೇ ಕೈನೀಡಿ ತೆಗೆದುಕೊಂಡ. ಯಾರೂ ಅವಳಲ್ಲಿ ತಪ್ಪಾಯಿತು ಅನ್ನಲಿಲ್ಲ. ಏನೂ ನಡೆದೇ ಇಲ್ಲವೆಂಬಂತೆ, ಹಸು ಎಷ್ಟು ಕರೆಯುತ್ತೆ, ಬೂಸಾ ಎಲ್ಲಿಂದ ತಂದೆ ಎಂದು ಮಾತಾಡಿಸಿದರು. ಅವಳು ಪಾತ್ರೆ ಎತ್ತಿಕೊಂಡು ಹೊರಟಳು. ತಿಮ್ಮೇಶ, "ಮುಗೀತಲ್ಲ, ಬುಡು" ಅಂದಾಗ, "ನಿಂಗೆ ಮುಗುದಿರಬೋದು" ಅಂದಳು. ಬಹಳ ದಿನ ಅವನಿಗೆ ತಟ್ಟೆ ಇಟ್ಟು ಎದ್ದು ಹೋಗುತ್ತಿದ್ದಳು, ಎದುರು ಕೂರುತ್ತಿರಲಿಲ್ಲ.

ಊರು ಈಗ ಶಿವಶಂಕರನನ್ನು ಹಿಡಿದಿತ್ತು. ಅಪ್ಪನ ಜೀವಕ್ಕಿಂತ ಕೆಲಸ ಹೆಚ್ಚಾಯಿತೇ ಎಂದು ಹೋಟೆಲಿನಲ್ಲಿ ಮುಖಕ್ಕೇ ಕೇಳಿದರು. ಅವನ ಜೊತೆ ಓದಿದವರು ಅವನು ಬಂದರೆ ಎದ್ದು ಹೋದರು. ಮಾಕವಳ್ಳಿಯಿಂದ ಕೆಲಸಕ್ಕೆ ಬಾ ಎಂದು ಕಾಗದ ಬಂದರೂ ಅವನು ಹೋಗಲಿಲ್ಲ. ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬಿದ್ದುಕೊಂಡ, ಊಟ ಬಿಟ್ಟ.

ಒಂದು ಮಧ್ಯಾಹ್ನ ಪುಟ್ಟಲಕ್ಷ್ಮಮ್ಮ ಅಂಗಳ ದಾಟಿ ಬಂದು ಇಂದ್ರಮ್ಮನ ಬಾಗಿಲಲ್ಲಿ ನಿಂತಳು. ಎಷ್ಟೋ ವರ್ಷದ ಮೇಲೆ ಆ ಹೊಸ್ತಿಲಿಗೆ ಬಂದಿದ್ದಳು. ಮಾತು ಮಾತ್ರ ಮೊದಲಿನಷ್ಟೇ ಒರಟಾಗಿತ್ತು.

"ಅವ್ನು ಏನೂ ತಿಂತಿಲ್ಲ. ಅಪ್ಪನ್ನ ನಾನೇ ಕೊಂದೆ ಅಂತಾನೆ. ನಾನೇಳಿದ್ರೆ ಕೇಳಾಕಿಲ್ಲ. ನೀನು ಬಂದು ಒಂದ್ಮಾತೇಳು."

"ನಾನ್ಯಾಕೇಳ್ಲಿ? ಕೊಲೆಗಾರ್ತಿ ಅಲ್ವಾ ನಾನು?"

"ಕಡೇಗಾಲ್ದಲ್ಲಿ ಅವ್ರ ಜೊತೇಲಿದ್ದೋಳು ನೀನು. ನೀನೇಳಿದ್ರೆ ನಂಬ್ತಾನೆ."

"ಮೊದ್ಲು ನಿನ್ ಬಾಯಲ್ಲಿ ತೆಪ್ಪಾಯ್ತು ಅನ್ನು."

ಪುಟ್ಟಲಕ್ಷ್ಮಮ್ಮನ ತುಟಿ ಅಲುಗಿತು. ತಲೆ ಬಗ್ಗಿಸದೆ, ತಿರುಗಿಯೂ ಹೋಗದೆ ಅಲ್ಲೇ ನಿಂತಳು. ಇಂದ್ರಮ್ಮ ಅವಳ ಮುಖದ ಮೇಲೆ ಬಾಗಿಲು ಹಾಕಿದಳು. ಒಳಗೆ ಹೋಗಿ ರಾಗಿ ಕೇರಲು ಕೂತಳು. ಮೊರ ಕೈಯಲ್ಲಿತ್ತು, ಕೈ ಆಡಲಿಲ್ಲ. ಬಾಗಿಲಾಚೆ ಅವಳು ಇನ್ನೂ ನಿಂತಿರುವುದು ಸಂದಿಯಿಂದ ಬೀಳುತ್ತಿದ್ದ ನೆರಳಿನಿಂದ ಗೊತ್ತಾಗುತ್ತಿತ್ತು. ಕೊನೆಗೆ ಇಂದ್ರಮ್ಮ ಮೊರ ಎಸೆದು ಎದ್ದಳು. ಬಾಗಿಲು ತೆಗೆದು, ಅವಳನ್ನು ಭುಜದಿಂದ ಪಕ್ಕಕ್ಕೆ ಸರಿಸಿ ಅಂಗಳ ದಾಟಿದಳು.

ಒಳಕೋಣೆಯ ಬಾಗಿಲನ್ನು ಒದ್ದಳು. "ತೆಗಿಯೋ ಲೇ!"

ಶಿವಶಂಕರ್ ತೆಗೆದ. ಕಣ್ಣು ಗುಳಿಬಿದ್ದಿತ್ತು. "ಚಿಕ್ಕವ್ವ..." ಅಂದ.

"ಚಿಕ್ಕವ್ವ ಗಿಕ್ಕವ್ವ ಅನ್ಬ್ಯಾಡ. ಕೇಳು ಇಲ್ಲಿ. ನಿಮ್ಮಪ್ಪನ್ನ ನೀನು ಕೊಂದಿಲ್ಲ. ಅವ್ನ ನಾಳ ಕಟ್ಕಂಡಿತ್ತು, ಎದೆ ಒಳ್ಗೇ ಏರುಪೇರಾಗಿ ನಿಂತೋಯ್ತು. ನಾನೂ ಕೊಂದಿಲ್ಲ, ನೀನೂ ಕೊಂದಿಲ್ಲ. ನೀನು ಕರ್ಕಂಡೋಗ್ಬೇಕಿತ್ತು, ಓಗ್ನಿಲ್ಲ. ಅದು ಬ್ಯಾರೆ. ಗ್ಯಾಸು ಅಂತ ಯಾರಾರೂ ಅಂದ್ಕತ್ತಾರೆ."

ಅವನು ಗೋಡೆಗೆ ಒರಗಿ ಅಳತೊಡಗಿದ.

"ಅಳಬ್ಯಾಡ, ಇನ್ನೂ ಮುಗಿದಿಲ್ಲ. ಓದಿದ್ದೋನು ನೀನು. ಎರಡ್ ಗುಟುಕು ಎಳನೀರು ಏನ್ ಮಾಡ್ತದೆ, ಏನ್ ಮಾಡಾಕಿಲ್ಲ ಅಂತ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಚಪ್ಪರದಲ್ಲಿ ಕುಂತು ಆ ಮಾತ್ ಆಡ್ದೆ. ನಿಮ್ಮವ್ವ ಚೀಲ ಚೆಲ್ದಾಗ ಸುಮ್ಕೆ ನೋಡ್ತಾ ಕುಂತೆ. ಡೈರೀಲಿ ನನ್ ಹಾಲು ಬ್ಯಾಡ ಅಂದಾಗ ಸುಮ್ಕಿದ್ದೆ. ಅದು ನೀನ್ ಮಾಡಿದ್ದು. ಅಳೋದಾದ್ರೆ ಅದ್ಕೆ ಅಳು. ಅದ್ನ ನಾನು ಸಾಯೋಗಂಟ ಕ್ಷಮಿಸಾಕಿಲ್ಲ."

"ಆಗ್ಲಿ ಚಿಕ್ಕವ್ವ" ಅಂದ ಅವನು.

"ಎದ್ದು ಉಣ್ಣು. ನೀನೂ ಸತ್ರೆ ಅದ್ನೂ ನನ್ ತಲೇಗೇ ಕಟ್ತಾಳೆ ನಿಮ್ಮವ್ವ."

ಹಜಾರದಲ್ಲಿ ಪುಟ್ಟಲಕ್ಷ್ಮಮ್ಮ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ದಾರಿ ಬಿಟ್ಟು ಗೋಡೆಗೆ ಸರಿದಳು. ಇಂದ್ರಮ್ಮ ಅವಳ ಮುಖ ನೋಡದೆ ಹೊರಗೆ ನಡೆದಳು.

ಶಿವಶಂಕರ್ ಅಂದು ಉಂಡ. ತಡವಾಗಿಯಾದರೂ ಮಾಕವಳ್ಳಿಗೆ ಹೋಗಿ ಕೆಲಸ ಹಿಡಿದು, ಕೆ.ಆರ್. ಪೇಟೆಯಲ್ಲಿ ರೂಮು ಮಾಡಿಕೊಂಡ. ಹೊರಡುವ ಮುಂಚೆ, ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಡೈರಿಯ ಮುಂದೆ ನಿಂತು, "ನಮ್ ಚಿಕ್ಕವ್ವ ಏನೂ ಬೆರೆಸಿರ್ನಿಲ್ಲ. ಅದು ನಂಗೆ ಮೊದ್ಲೇ ಗೊತ್ತಿತ್ತು" ಎಂದು ಎಲ್ಲರೆದುರು ಹೇಳಿದ. ಮಾರಮ್ಮ ಸೆರಗು ಸರಿಪಡಿಸಿಕೊಂಡಳು. ದಾಸಯ್ಯ ಕ್ಯಾನಿನ ಮುಚ್ಚಳ ಹುಡುಕತೊಡಗಿದ. ಇಂದ್ರಮ್ಮ ಕ್ಯಾನಿಗೆ ತನ್ನ ಹಾಲು ಸುರಿದು ಮನೆಗೆ ನಡೆದಳು.

ಪುಟ್ಟಲಕ್ಷ್ಮಮ್ಮ ತಪ್ಪಾಯಿತು ಎಂದು ಕೊನೆಗೂ ಅನ್ನಲಿಲ್ಲ. ಇಂದ್ರಮ್ಮ ಮತ್ತೆ ಕೇಳಲಿಲ್ಲ. ಯುಗಾದಿ ಕಳೆದ ಮೇಲೆ ತಿಮ್ಮೇಶ ಅಂಗಳದ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದ; ಅದು ಬೇಕೆಂದು ಕೇಳಿದ್ದು ಇಂದ್ರಮ್ಮನೇ. ಎರಡೂ ಕಡೆಯಿಂದ ಯಾರೂ ಬೇಡ ಅನ್ನಲಿಲ್ಲ.